ಡೈರಿಯಲ್ಲಿ ಉಳಿದ ಆ್ಯಂಟಿಬಾಡಿ

"ಇಲ್ಲಿಗ್ಯಾಕ್ ಬಂದ್ರಿ? ಹಾಲು ಹಾಕೋಕಾ?"

ಸಾತನೂರಿನ ಹಾಲಿನ ಡೈರಿಯಲ್ಲಿ ಕ್ಯಾನು ಎತ್ತುತ್ತಿದ್ದ ನರಸಯ್ಯ, ಬಾಗಿಲಿಗೆ ಬಂದ ಯಲ್ಲಮ್ಮನನ್ನು ಕೇಳಿದ. ನಾಲ್ಕು ತಿಂಗಳ ಮೇಲೆ ಅವಳು ಅವನ ಮುಖ ನೋಡುತ್ತಿದ್ದಳು. ಎದೆ ಹೊಡೆದುಕೊಳ್ಳಬೇಕಿತ್ತು... ಹೊಡೆದುಕೊಳ್ಳಲಿಲ್ಲ. ಕನಕಪುರದಲ್ಲಿ ಬಸ್ಸು ಬದಲಿಸಿ ಇಷ್ಟು ದೂರ ಬಂದದ್ದು ಬೇರೆ ಯಾರೋ ಎನ್ನುವಂತಿತ್ತು.

ಇಬ್ಬರೂ ರಾಮನಗರದ ಒಂದು ಖಾಸಗಿ ಲ್ಯಾಬಿನಲ್ಲಿ ಕೋಳಿಗಳ ಹಕ್ಕಿ ಜ್ವರದ ಪರೀಕ್ಷೆ ಮಾಡುತ್ತಿದ್ದವರು. ಫ್ಲೂ ವೈರಸ್ಸಿನ ಮೈಮೇಲಿರುವ ಪ್ರೋಟೀನನ್ನು ಗುರುತಿಸಿ ಅಂಟಿಕೊಳ್ಳುವ ಆ್ಯಂಟಿಬಾಡಿ ಅಲ್ಲಿ ಒಂದೇ ಒಂದು ಪುಟ್ಟ ಸೀಸೆಯಷ್ಟಿತ್ತು. ತಂಪು ತಪ್ಪಿದರೆ ಕೆಡುವಂಥದ್ದು.

ಒಂದು ಭಾನುವಾರ ಕರೆಂಟು ಹೋಯಿತು. ಜನರೇಟರೂ ಕೈಕೊಟ್ಟಿತು. ಡ್ಯೂಟಿಯಲ್ಲಿ ಒಬ್ಬನೇ ಇದ್ದ ನರಸಯ್ಯ ಸೀಸೆಯನ್ನು ಐಸ್ ತುಂಬಿದ ಥರ್ಮಾಸಿನಲ್ಲಿಟ್ಟು ತನ್ನೂರು ಸಾತನೂರಿಗೆ ಒಯ್ದ. ಅವನ ತಾಯಿ ನಾಗಲಕ್ಷ್ಮಮ್ಮ ಡೈರಿಯ ಸೆಕ್ರೆಟರಿ. ಅಲ್ಲಿನ ಫ್ರಿಜ್ಜಿನಲ್ಲಿಟ್ಟು ಮರುದಿನ ವಾಪಸು ತಂದ.

"ಹಾಲಿನ ಜೊತೆ ಮಡಗಿದ್ದೇನಯ್ಯಾ? ಮೊಸರಾಯ್ತಾ?" ಎಂದ ಮ್ಯಾನೇಜರ್, ಎಲ್ಲರೆದುರು.

ಎಲ್ಲರೂ ನಕ್ಕರು. ಯಲ್ಲಮ್ಮನೂ ನಕ್ಕಳು!

ಕೇಳದೆ ಒಯ್ದು ಸೀಸೆ ಕೆಡಿಸಿದನೆಂದು ಅಂದೇ ನರಸಯ್ಯನ ಕೆಲಸ ಹೋಯಿತು. ಅಂದಿನಿಂದ ಅವಳಿಗೆ ನಗು, ಅಳು, ಹಸಿವು... ಯಾವುದೂ ಬರಲಿಲ್ಲ. ಬಿಸಾಡಲು ಹೇಳಿದ್ದ ಸೀಸೆಯನ್ನು ಮಾತ್ರ ಫ್ರಿಜ್ಜಿನ ಮೂಲೆಯಲ್ಲಿ ಬಚ್ಚಿಟ್ಟಿದ್ದಳು. ಯಾಕೆಂದು ಅವಳಿಗೇ ಗೊತ್ತಿರಲಿಲ್ಲ.

"ನೆನ್ನೆ ಆ ಸೀಸೆನ ಪರೀಕ್ಷೆ ಮಾಡ್ದೆ," ಎಂದಳು ಈಗ. "ಪರೀಕ್ಷೆ ಕಾಗದದಲ್ಲಿ ವೈರಸ್ ಪ್ರೋಟೀನ್ ಇದ್ದ ಚುಕ್ಕಿಗೆ ಬಣ್ಣ ಬಂತು. ಇಲ್ದಿರೋದು ಬೆಳ್ಳಗೇ ಉಳೀತು. ಅದು ಕೆಟ್ಟಿರ್ಲಿಲ್ಲ, ನರಸಯ್ಯ! ಮ್ಯಾನೇಜರಿಗೂ ಬರ್ದುಕೊಟ್ಟು ಬಂದೆ."

"ಕೆಟ್ಟಿಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು." ಅವನು ಕ್ಯಾನು ಕೆಳಗಿಟ್ಟ. "ಗೊತ್ತಿಲ್ದಿರೋದು ಒಂದೇ. ನೀವ್ಯಾಕ್ ನಕ್ರಿ?"

ಹಾಲು ಹಾಕಲು ಸಾಲಿನಲ್ಲಿದ್ದ ಹೆಂಗಸರು ಇತ್ತ ತಿರುಗಿದರು.

'ಇಲ್ಲೂ ಮನಸ್ಸು ಮುಚ್ಚಿಟ್ಟರೆ ಇವನು ಎಂದೂ ನನ್ನವನಾಗೋದಿಲ್ಲ...' ಅಂದುಕೊಂಡಳು ಯಲ್ಲಮ್ಮ.

"ಹೆದರ್ಕೊಂಡು ನಕ್ಕೆ. ನಗ್ದೇ ಇದ್ರೆ ನಿಮ್ ಮೇಲೆ ನಂಗೆ ಮನಸೈತೆ ಅಂತ ಎಲ್ಲಾರ್ಗೂ ಗೊತ್ತಾಗ್ಬುಡ್ತದೆ ಅಂತ."

"ಈಗ ಗೊತ್ತಾಗ್ಲಿಲ್ವಾ? ಅರ್ಧ ಸಾತನೂರೇ ಇಲ್ಲೈತೆ!"

"ಆಗ್ಲಿ. ಮನಸೈತೆ. ಬೇಕಾದ್ರೆ ಇನ್ನೊಂದ್ ಸಲ ಹೇಳ್ತೀನಿ."

"ಒಪ್ಕಳ್ಲಾ ಮೊಗಾ, ನಮ್ ಹಾಲು ಒಡ್ದೋಯ್ತದೆ!" ಸಾಲಿನಿಂದ ಹನುಮಂತಮ್ಮ ಕೂಗಿದಳು.

ನಾಗಲಕ್ಷ್ಮಮ್ಮ ಹಾಲಿನ ಅಳತೆಯಿಂದ ಕಣ್ಣೆತ್ತಲಿಲ್ಲ. "ಒಳಕ್ ಕರ್ಕೊಂಡೋಗಿ ಕುಂಡ್ರುಸ್ಲಾ. ಎಷ್ಟೊತ್ ನಿಂತಿರ್ತಾಳೆ ಆ ಹೆಣ್ಮಗಳು?"

ಒಳಗೆ ಮರದ ಬೆಂಚು. ಪಕ್ಕದಲ್ಲಿ ಕುಳಿತ ನರಸಯ್ಯ ಅವಳ ಕೈ ಹಿಡಿದ.

"ಕೆಲ್ಸ ಹೋಯ್ತು ಅಂತ ನೋವಾಗ್ಲಿಲ್ಲ ನಂಗೆ. ಆ ನಗೂಗೆ ಆಯ್ತು," ಎಂದ. "ಇವತ್ ಆ ನೋವೂ ಹೋಯ್ತು ಬಿಡು."

"ನಂಗಿನ್ನೂ ಏನೂ ಅನ್ನಿಸ್ತಿಲ್ಲ, ನರಸಯ್ಯ... ಖುಷೀನೂ ಇಲ್ಲ, ಅಳೂನೂ ಇಲ್ಲ."

"ಅನ್ಸೋವರ್ಗೂ ಕೂತ್ಕೋ."

"ಬಸ್ಸು ಹೊಂಟೋದ್ರೆ?"

"ಗಾಡೀಲಿ ಬಿಟ್‌ಬತ್ತೀನಿ. ಒಸಿ ನಿಧಾನಕ್ಕೇ ಹೋಗಾನ."