ಗಾಡಿ ಕಳಿಸಲಾಗಿದೆ

ಹದಿನೇಳನೇ ತಾರೀಕು ಸೋಮವಾರ ಬೆಳಿಗ್ಗೆ ಠಾಣೆಯ ಮೆಟ್ಟಿಲು ಹತ್ತಿ ಬಂದ ದರ್ಜಿ ಬರೆದ ದೂರು ತಂದಿರಲಿಲ್ಲ. ಮೊಬೈಲನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು. ಅಂಗಿಯ ಎದೆಗೆ ಚುಚ್ಚಿಕೊಂಡಿದ್ದ ಎರಡು ಗುಂಡುಸೂಜಿಗಳು ಹಾಗೇ ಇದ್ದವು.

"ಏನಾಗಬೇಕಿತ್ತು ಯಜಮಾನ್ರೇ?" ದಫೇದಾರರು ಕೇಳಿದರು.

"ಶುಕ್ರವಾರ ದೂರು ಕೊಟ್ಟಿದ್ದೆ ಸ್ವಾಮಿ, ಮೊಬೈಲಲ್ಲಿ. ಏನಾಯ್ತು ಅಂತ ಕೇಳೋಕೆ ಬಂದೆ."

ಇನ್ಸ್‌ಪೆಕ್ಟರು ಮೊಬೈಲನ್ನು ತೆಗೆದುಕೊಂಡು ನೋಡಿದರು. ಠಾಣೆಯ ಹೆಸರಿನಲ್ಲೇ ಉತ್ತರ ಹೋಗಿತ್ತು. ಯುವರ್ ಕಂಪ್ಲೇಂಟ್ ಹ್ಯಾಸ್ ಬೀನ್ ಫಾರ್ವರ್ಡೆಡ್. ದೂರನ್ನು ಸಂಬಂಧಪಟ್ಟ ಅಧಿಕಾರಿಗೆ ಕಳುಹಿಸಲಾಗಿದೆ ಎಂದು ಅರ್ಥ. ಸಂಬಂಧಪಟ್ಟ ಅಧಿಕಾರಿ ಎಂದರೆ ಅವರೇ. ಅವರು ಆ ದೂರನ್ನು ಕಂಡಿರಲಿಲ್ಲ.

"ಇದಕ್ಕೆ ಉತ್ತರ ಕೊಟ್ಟಿದ್ದು ಯಾರ್ರೀ?"

"ಯಾರೂ ಇಲ್ಲ ಸರ್," ದಫೇದಾರರು ಮೆಲ್ಲಗೆ ಹೇಳಿದರು. "ಅದು ತಾನಾಗೇ ಹೋಗತ್ತೆ."

ಇನ್ಸ್‌ಪೆಕ್ಟರು ಕುರ್ಚಿಯನ್ನು ಎಳೆದು ದರ್ಜಿಯನ್ನು ಕೂರಿಸಿದರು. ಕ್ಷಮಿಸಿ ಎನ್ನಲು ಬಾಯಿ ತೆರೆದವರು, "ಹೇಳಿ" ಎಂದಷ್ಟೇ ಅಂದರು.

ದರ್ಜಿ ಹೇಳಿದ್ದು ಇಷ್ಟು. ಹನ್ನೆರಡನೇ ತಾರೀಕು ಬುಧವಾರ ಮಧ್ಯಾಹ್ನ ಊಟಕ್ಕೆ ಕೂರುವಾಗ ಹೆಂಡತಿಗೆ ಎದೆ ಹಿಡಿಯಿತು. ಖಾಸಗಿ ಆಂಬುಲೆನ್ಸ್ ಸಂಸ್ಥೆಯೊಂದಕ್ಕೆ ಮೊಬೈಲಿನಲ್ಲೇ ಬರೆದರು. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು. ವೆಹಿಕಲ್ ಹ್ಯಾಸ್ ಬೀನ್ ಸೆಂಟ್. ಗಾಡಿ ಕಳಿಸಲಾಗಿದೆ. ಅವರು ಬಾಗಿಲು ತೆರೆದಿಟ್ಟು, ಹೊಲಿಗೆ ಯಂತ್ರವನ್ನು ಪಕ್ಕಕ್ಕೆ ಸರಿಸಿ, ಸ್ಟ್ರೆಚರಿಗೆ ದಾರಿ ಮಾಡಿ ಕಾದರು. ಗಾಡಿ ಬರಲಿಲ್ಲ. ಕೊನೆಗೆ ಬೀದಿಯವರು ಹಿಡಿದು ತಂದ ಆಟೋದಲ್ಲಿ ಕರೆದೊಯ್ಯುವಾಗ ದಾರಿಯಲ್ಲೇ ಜೀವ ಹೋಯಿತು.

"ನನಗೆ ಒಂದೇ ಗೊತ್ತಾಗಬೇಕು ಸ್ವಾಮಿ. ಕಳಿಸಲಾಗಿದೆ ಅಂತ ಬರೆದದ್ದು ಯಾರು?"

"ಆ ಮಾತು ಇಷ್ಟು ಒತ್ತಿ ಯಾಕೆ ಕೇಳ್ತೀರಿ?"

ದರ್ಜಿ ಕರವಸ್ತ್ರವನ್ನು ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು.

"ಎದುರುಮನೆಯವನು ಕಾರು ತಂದಿದ್ದ. ನಾನೇ ಬೇಡ ಅಂದೆ."

ಹತ್ತೂವರೆಗೆ ಎಫ್‌ಐಆರ್ ದಾಖಲಾಯಿತು, ನಿರ್ಲಕ್ಷ್ಯದಿಂದ ಸಾವು ಎಂದು. ಮೊಬೈಲಿನ ಪಂಚನಾಮೆ ಬರೆಯುತ್ತಾ ದಫೇದಾರರು ಗೊಣಗಿದರು. "ಈ ಇಂಗ್ಲಿಷು ನಮ್ಮ ಸಾಕ್ಷಿಗಳ ಹಾಗೇ ಸರ್. ಆಗಿದೆ, ಹೋಗಿದೆ, ಬಿದ್ದಿದೆ ಅನ್ನತ್ತೆ. ಮಾಡಿದವರು ಯಾರು ಅಂದ್ರೆ ಬಾಯಿಗೆ ಬೀಗ."

ಮಧ್ಯಾಹ್ನ ಎದುರುಮನೆಯವನ ಹೇಳಿಕೆ ಪಡೆದರು. ಅವನು ಡ್ರೈವಿಂಗ್ ಸ್ಕೂಲ್ ನಡೆಸುವವನು. ಎರಡೆರಡು ಬ್ರೇಕಿನ ಅವನ ಕಾರು ಬೀದಿಯಲ್ಲೇ ನಿಂತಿತ್ತು.

"ಬಾಗಿಲಿಗೇ ಕಾರು ತಂದು ನಿಲ್ಲಿಸಿದೆ ಸರ್. ಹೆಂಡ್ತಿಗೆ ಅಷ್ಟು ದೂರ ಕೂತ್ಕೊಂಡು ಹೋಗೋಕಾಗಲ್ಲ, ಆ ಗಾಡೀಲಿ ಆಕ್ಸಿಜನ್ ಇರತ್ತೆ, ಹೊರಟಾಗಿದೆ ಅಂದ್ರು ಯಜಮಾನ್ರು. ಮೊಬೈಲು ತೋರಿಸಿದ್ರು."

"ನೀವೇನು ಮಾಡಿದ್ರಿ?"

"ಪಾಠಕ್ಕೆ ಒಬ್ಬರು ಕಾಯ್ತಿದ್ರು. ಹೋದೆ." ಅವನು ಕಾಲಿನ ಹೆಬ್ಬೆರಳು ನೋಡುತ್ತಾ ನಿಂತ. "ಆವತ್ತಿಂದ ಅವರ ಮನೆ ಮುಂದೆ ಹಾರ್ನ್ ಹೊಡೆಯೋಕೂ ಮುಖ ಇಲ್ಲ ಸರ್."

ಹದಿನೆಂಟನೇ ತಾರೀಕು ಬೆಳಿಗ್ಗೆ ಇನ್ಸ್‌ಪೆಕ್ಟರು, ದಫೇದಾರರು ಮತ್ತು ಮಹಿಳಾ ಕಾನ್‌ಸ್ಟೇಬಲ್ ಆಂಬುಲೆನ್ಸ್ ಸಂಸ್ಥೆಗೆ ಹೋದರು. ಕೆಳಗೆ ತಗಡಿನ ಚಪ್ಪರದಡಿ ಎರಡು ಗಾಡಿಗಳಿದ್ದವು. ಒಬ್ಬ ಡ್ರೈವರ್ ಗಾಜು ಒರೆಸುತ್ತಿದ್ದ.

"ಹೋದ ಬುಧವಾರ ಎರಡು ಗಂಟೆ ಸುಮಾರಿಗೆ ಎಲ್ಲಿದ್ದೆ?"

"ಇಲ್ಲೇ ಸರ್. ಗಾಡಿ ತೊಳೀತಿದ್ದೆ."

"ಕರೆ ಬಂತಾ?"

"ಬಂದಿದ್ರೆ ಒದ್ದೆ ಗಾಡೀಲೇ ಹೋಗಿರ್ತಿದ್ದೆ."

"ದರ್ಜಿ ಅಂಗಡಿ ಬೀದಿ ಗೊತ್ತಾ?"

ಅವನು ತನ್ನ ಖಾಕಿ ಅಂಗಿಯ ಕಾಲರನ್ನು ಮುಟ್ಟಿಕೊಂಡ. "ಇದನ್ನ ಹೊಲಿದಿದ್ದೇ ಅವರು ಸರ್. ಕರೆ ಬಂದಿದ್ರೆ ಸಿಳ್ಳೆ ಹಾಕೋದ್ರಲ್ಲಿ ಅಲ್ಲಿರ್ತಿದ್ದೆ."

ಮೇಲಿನ ಕೋಣೆಯಲ್ಲಿ ನಾಲ್ಕು ಕಂಪ್ಯೂಟರುಗಳಿದ್ದವು. ಪ್ರತಿಯೊಂದರ ಪಕ್ಕದಲ್ಲೂ ಡ್ರೈವರುಗಳನ್ನು ಕರೆಯಲು ಒಂದೊಂದು ಫೋನು. ಎದುರಿನ ಗೋಡೆಗೆ ದೊಡ್ಡ ಪರದೆ. ಅದರಲ್ಲಿ ಒಬ್ಬೊಬ್ಬರಿಗೂ ಒಂದು ಚೌಕ. ಉತ್ತರ ತಡವಾದರೆ ಹಸಿರು ಚೌಕ ಕೆಂಪಾಗುತ್ತಿತ್ತು.

ಮ್ಯಾನೇಜರು ಬುಧವಾರದ ಮಾತುಕತೆಯನ್ನು ಹುಡುಕಿದರು. ಆ ಜಾಗದಲ್ಲಿ, ಹ್ಯಾಸ್ ಬೀನ್ ಡಿಲೀಟೆಡ್ ಎಂದಿತ್ತು.

"ಅಳಿಸಿದ್ದು ಯಾರು?"

"ಅಳಿಸಲಾಗಿದೆ ಸರ್."

"ಅದನ್ನ ನಾನೂ ಓದಿದೆ. ಯಾರು?"

"ಎಲ್ಲರಿಗೂ ಒಂದೇ ಪಾಸ್‌ವರ್ಡ್. ನಾವು ಹುಡುಗರಿಗೆ ಮೊದಲ ವಾರವೇ ಕಲಿಸೋದು ಅದು ಸರ್. ಉತ್ತರದಲ್ಲಿ ನಾನು, ನಾವು ಅಂತ ಬರೀಬೇಡಿ. ಸ್ವೀಕರಿಸಲಾಗಿದೆ, ಕಳಿಸಲಾಗಿದೆ, ಸರಿಪಡಿಸಲಾಗಿದೆ, ಹೀಗೆ ಇಂಗ್ಲಿಷಲ್ಲಿ ಹಾಕಿ. ಆಗಿಹೋಗಿದೆ ಅಂದ್ರೆ ಕೇಳೋರಿಗೂ ನೆಮ್ಮದಿ, ಬರೆಯೋರ ಮೇಲೂ ಯಾರೂ ಹರಿಹಾಯಲ್ಲ."

"ಸತ್ತವರ ಮನೆಯವರೂ ಹರಿಹಾಯಲ್ಲ ಬಿಡಿ," ಎಂದರು ದಫೇದಾರರು.

ಎರಡು ಗಂಟೆಗೆ ಪಾಳಿ ಬದಲಾಗುವುದು. ಮಧ್ಯಾಹ್ನದ ಪಾಳಿಯ ಯುವಕನನ್ನು ಬೇಗ ಕರೆಸಿ ವಿಚಾರಿಸಿದರು.

"ದರ್ಜಿಯವರ ಬೇಡಿಕೆ ನೋಡಿದ್ಯಾ?"

"ನೋಡಿದೆ ಸರ್. ಕಳಿಸಲಾಗಿದೆ ಅಂತ ಇತ್ತು. ಮುಗಿದ ಕೆಲಸ ಅಂದ್ಕೊಂಡೆ."

"ಅವರು ಮತ್ತೆ ಮತ್ತೆ ಬರೆದಿದ್ದಾರೆ."

"ಎಲ್ಲಿದೆ ಗಾಡಿ ಅಂತ ಎಲ್ಲರೂ ಕೇಳ್ತಾರೆ ಸರ್. ದಾರೀಲಿದೆ ಅಂತ ಹಾಕಿದೆ."

ಬೆಳಗಿನ ಪಾಳಿಯಲ್ಲಿದ್ದವರು ಮೂವರು. ಬರೆದದ್ದು ನಾನಲ್ಲ ಎಂದು ಮೂವರೂ ಹೇಳಿದರು. ಇನ್ಸ್‌ಪೆಕ್ಟರು ಒತ್ತಾಯಿಸಲಿಲ್ಲ. ಗೋಡೆಯ ಬದಿಯ ಬೆಂಚಿನಲ್ಲಿ ಕುಳಿತು ಕೆಲಸ ನಡೆಯುವುದನ್ನು ನೋಡಿದರು. ಎಲ್ಲರದೂ ಒಂದೇ ಪದ್ಧತಿ: ಚೌಕ ಕೆಂಪಾಗದಂತೆ ಮೊದಲು ವಾಕ್ಯ ಕಳಿಸುವುದು, ಆಮೇಲೆ ಕೆಲಸ. ಆದರೆ ಇಬ್ಬರು, ನಿಮ್ಮ ಬೇಡಿಕೆ ಬಂದಿದೆ ಎಂದು ಹಾಕಿ, ಫೋನೆತ್ತಿ ಡ್ರೈವರನ್ನು ಕರೆದು, ಅವನು ಹೊರಟ ಮೇಲೆ ಇನ್ನೊಂದು ವಾಕ್ಯ ಹಾಕುತ್ತಿದ್ದರು. ಮೂರನೆಯವಳನ್ನು ಎಲ್ಲರೂ ಮಿಂಚು ಎನ್ನುತ್ತಿದ್ದರು. ಮೂವತ್ತರ ಆಸುಪಾಸಿನ ಹೆಣ್ಣು. ಅವಳ ಚೌಕ ಒಮ್ಮೆಯೂ ಕೆಂಪಾಗಲಿಲ್ಲ.

ಇನ್ಸ್‌ಪೆಕ್ಟರು ಕಣ್ಸನ್ನೆ ಮಾಡಿದರು. ದಫೇದಾರರು ಹೊರಗೆ ಹೋಗಿ ತಮ್ಮ ಮೊಬೈಲಿನಿಂದ ಬರೆದರು: ಎದೆನೋವು, ಬೇಗ ಬನ್ನಿ.

ಅದು ಮಿಂಚುವಿನ ಕಂಪ್ಯೂಟರಿಗೆ ಬಂತು. ಅವಳ ಎಡಗೈ ಎರಡು ಗುಂಡಿ ಒತ್ತಿತು. ಫೋನು ಇಟ್ಟಲ್ಲೇ ಇತ್ತು. ದಫೇದಾರರು ಬಾಗಿಲಲ್ಲಿ ಕಾಣಿಸಿಕೊಂಡರು.

"ಗಾಡಿ ಹೊರಟೇಬಿಟ್ಟಿದೆಯಂತೆ ಸರ್."

ಕೋಣೆಯಲ್ಲಿ ಕೀಲಿಮಣೆಗಳ ಸದ್ದು ನಿಂತಿತು.

"ಯಾವ ಗಾಡಿ ಕಳಿಸಿದಿರಮ್ಮ?" ಇನ್ಸ್‌ಪೆಕ್ಟರು ಎದ್ದು ಬಂದು ಕೇಳಿದರು.

ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು. "ಈಗ ಕರೀತಿದ್ದೆ ಸರ್. ದೇವರಾಣೆ, ಈಗ ಫೋನ್ ಎತ್ತೋದರಲ್ಲಿದ್ದೆ."

"ಬುಧವಾರ?"

"ಬುಧವಾರನೂ."

"ಎತ್ತಿದಿರಾ?"

ಮಹಿಳಾ ಕಾನ್‌ಸ್ಟೇಬಲ್ ನೀರು ಕೊಟ್ಟಳು. ಮಿಂಚು ಕುಡಿಯಲಿಲ್ಲ.

"ಪಾಳಿ ಮುಗೀತಿತ್ತು. ಉತ್ತರ ಹಾಕಿ ಮುಖ ತೊಳೆಯೋಕೆ ಎದ್ದೆ. ಬಂದು ಕರೆಯೋಣ ಅಂತಲೇ ಇದ್ದೆ ಸರ್. ಬರೋದರಲ್ಲಿ ಆ ಹುಡುಗ ನನ್ನ ಕುರ್ಚೀಲಿ ಕೂತಿದ್ದ. ಚೀಲ ಎತ್ಕೊಂಡು ಮನೆಗೆ ಹೋದೆ. ಬಸ್ಸಲ್ಲಿ ನೆನಪಾಯ್ತು."

"ಬಸ್ಸಿಂದ ಒಂದು ಕರೆ ಮಾಡಬಹುದಿತ್ತಲ್ಲ?"

"ಮಾಡಿದ್ರೆ, ನಾನು ಕಳಿಸಿರಲಿಲ್ಲ ಅಂತ ಹೇಳಬೇಕಾಗ್ತಿತ್ತು."

"ಅಳಿಸಿದ್ದು?"

"ಮಾರನೇ ದಿನ. ಅವರು ಹೋಗಿಬಿಟ್ಟರು ಅಂತ ಗೊತ್ತಾದ ಮೇಲೆ."

ಹೆಬ್ಬಾಗಿಲ ಕಾವಲುಗಾರ ಮತ್ತು ಪಕ್ಕದ ಜೆರಾಕ್ಸ್ ಅಂಗಡಿಯವನ ಸಮಕ್ಷಮದಲ್ಲಿ ಪಂಚನಾಮೆ ಬರೆದು ಕಂಪ್ಯೂಟರನ್ನು ವಶಕ್ಕೆ ತೆಗೆದುಕೊಂಡರು. ಆ ಪದ್ಧತಿಯನ್ನು ಕಲಿಸಿದ ಮ್ಯಾನೇಜರಿಗೂ ನೋಟೀಸು ಕೊಟ್ಟರು. ಮಧ್ಯಾಹ್ನ ಒಂದು ಗಂಟೆಗೆ ಮಿಂಚುವನ್ನು ಬಂಧಿಸಲಾಯಿತು.

ಠಾಣೆಯ ಬೆಂಚಿನ ಮೇಲೆ ದರ್ಜಿ ಕಾಯುತ್ತಿದ್ದರು. ಅವರನ್ನು ಮನೆಗೆ ಕಳಿಸಬೇಕೆಂದು ಇನ್ಸ್‌ಪೆಕ್ಟರು ಅಂದುಕೊಳ್ಳುವಷ್ಟರಲ್ಲಿ ಅವರು ಎದ್ದುನಿಂತಿದ್ದರು.

"ಇವಳಾ ಸ್ವಾಮಿ?"

"ಹೌದು."

ಅವರು ಬೈಯಲಿಲ್ಲ. ಹತ್ತಿರ ಬಂದು ಅವಳ ಮುಖವನ್ನು ನೋಡಿದರು. "ನನಗೆ ಅಷ್ಟೊಂದು ಇಂಗ್ಲಿಷ್ ಬರಲ್ಲ ತಾಯಿ. ಏನಾಯ್ತು ಅಂತ ನಮ್ಮ ಮಾತಲ್ಲಿ ಹೇಳು."

ಅವಳು ತಲೆ ಎತ್ತಲಿಲ್ಲ. "ಕಳಿಸಿದೀನಿ ಅಂತ ಬರೆದೆ. ಕಳಿಸಿರಲಿಲ್ಲ."

"ಗಾಡಿ ಇತ್ತಾ?"

"ಇತ್ತು."

ದರ್ಜಿ ಇನ್ಸ್‌ಪೆಕ್ಟರ ಕಡೆ ತಿರುಗಿ, "ಅವಳದು ಬರ್ಕೊಂಡಿರಲ್ಲ ಸ್ವಾಮಿ. ನನ್ನದೂ ಬರ್ಕೊಳ್ಳಿ," ಎಂದರು. "ಬಾಗಿಲಿಗೆ ಬಂದ ಕಾರನ್ನ ವಾಪಸ್ ಕಳಿಸಿದವನು ನಾನು. ನನ್ನ ಹೆಂಡತಿ ಕಣ್ಣಲ್ಲೇ ಕಾರಿನ ಕಡೆ ತೋರಿಸ್ತಿದ್ದಳು. ಸುಮ್ಮನಿರು, ಗಾಡಿ ಬರ್ತಿದೆ ಅಂತ ಗದರಿಸಿದೆ."

"ನಂಬಿದ್ದು ಅಪರಾಧ ಅಲ್ಲ ಯಜಮಾನ್ರೇ."

"ಕಾನೂನಿನಲ್ಲಿ ಅಲ್ಲ," ಎಂದು ದರ್ಜಿ ಕರವಸ್ತ್ರದಿಂದ ಮುಖ ಮುಚ್ಚಿಕೊಂಡರು.

ಕೇಸ್ ಡೈರಿಯಲ್ಲಿ ಇನ್ಸ್‌ಪೆಕ್ಟರು ಬರೆದದ್ದು ಹೀಗಿದೆ. ಆರೋಪಿಗೆ ಮೃತರ ಮೇಲೆ ದ್ವೇಷವಿರಲಿಲ್ಲ, ಲಾಭದ ಆಸೆಯೂ ಇರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಆಕೆಯ ಚೌಕ ಒಂದೇ ಬೆಳಿಗ್ಗೆ ಮೂರು ಬಾರಿ ಕೆಂಪಾಗಿತ್ತು. ಮ್ಯಾನೇಜರು ಆಕೆಯ ಕುರ್ಚಿಯನ್ನು ತೆಗೆಸಿ, ಪಾಳಿ ಮುಗಿಯುವ ತನಕ ಎಲ್ಲರೆದುರು ನಿಂತೇ ಕೆಲಸ ಮಾಡಿಸಿದ್ದರು. ಆ ದಿನದ ನಾಚಿಕೆ ಇನ್ನೊಮ್ಮೆ ಬರಬಾರದೆಂದು ಆಕೆ ಮಾಡದ ಕೆಲಸವನ್ನು ಆಗಿದೆ ಎಂದು ಬರೆಯುವುದನ್ನು ಕಲಿತಳು. ಸಂಸ್ಥೆ ಅದಕ್ಕೆ ಆಕೆಯನ್ನು ಹೊಗಳಿತು.

ಬಂಧನದ ವಿಷಯವನ್ನು ಮನೆಯವರಿಗೆ ತಿಳಿಸುವುದು ನಿಯಮ. ಮಹಿಳಾ ಕಾನ್‌ಸ್ಟೇಬಲ್ ಮಿಂಚುವಿನ ತಾಯಿಗೆ ಕರೆ ಮಾಡಿದಳು. ಆ ಕಡೆಯಿಂದ ಗಾಬರಿಯ ದನಿ ಕೇಳಿತು. "ನನ್ನ ಮಗಳಿಗೆ ಏನಾಗಿದೆ? ಏನಾಗಿದೆ ಹೇಳಮ್ಮ!"

ಕಾನ್‌ಸ್ಟೇಬಲ್ ಇನ್ಸ್‌ಪೆಕ್ಟರ ಮುಖ ನೋಡಿದಳು. ಅವರು ತಲೆಯಾಡಿಸಿದರು. ಅವಳು ಫೋನನ್ನು ಮಿಂಚುವಿನ ಕೈಗೆ ಕೊಟ್ಟಳು.

"ಅಮ್ಮಾ," ಎಂದಳು ಮಿಂಚು. "ನನಗೇನೂ ಆಗಿಲ್ಲ ಅಮ್ಮಾ. ನಾನು ಮಾಡಿದೀನಿ."