ಹಾಸಿಗೆ, ಕುರ್ಚಿ

"ಬೇರೆ ಏನು ಬೇಕಾದ್ರೂ ಅಚ್ಚು ಹಾಕಪ್ಪ. ಆ ತಾಮ್ರದ ತಗಡಿಗೆ ಮಾತ್ರ ಬರಿಗೈ ತಾಗಿಸ್ಬೇಡ," ಎಂದಳು ಅಚ್ಚುಮನೆಯ ಯಜಮಾನಿ. "ನೂರೈವತ್ತು ವರ್ಷದ ಹಿಂದೆ, ಕಾಯಿಲೆ ಬಿದ್ದ ಮಗಳನ್ನ ಏಳಿಸೋಕೆ ಅಂತ ಒಬ್ಬ ಮಾಟ ಮಾಡಿಸಿ ಕೊರೆದದ್ದು. ಅವಳು ಏಳಲಿಲ್ಲ. ಮಾಟ ಉಳೀತು. ಮುಟ್ಟಿದೋರ ಮನೆಯೋರು ಅದರೊಳಗೆ ಸೇರ್ತಾರೆ."

"ನೂರೈವತ್ತು ವರ್ಷದಿಂದ ಮಲಗೇ ಇದಾಳಾ ಅಮ್ಮಾ? ಎಂಥ ಸೋಮಾರಿ ಹುಡುಗಿ!" ಹೊಸ ಅಚ್ಚುಗಾರ ನಕ್ಕ.

ನಗದೆ ಏನು ಮಾಡಿಯಾನು? ಮಹಡಿಯ ಮೇಲೆ ಅವನ ತಂಗಿ, ಬದುಕುವುದೇ ಅನುಮಾನವೆನಿಸಿದ್ದವಳು, ಇವತ್ತೇ ಮೊದಲ ಸಲ ಎದ್ದು ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದಳು. ತಾಮ್ರದ ತಗಡಿನಲ್ಲೂ ಅದೇ ಚಿತ್ರ. ಒಂದು ಬದಿ ಹಾಸಿಗೆ ಹಿಡಿದ ಹುಡುಗಿ; ಇನ್ನೊಂದು ಬದಿ ಅವಳೇ, ಚೇತರಿಸಿಕೊಂಡು, ಕುರ್ಚಿಯಲ್ಲಿ. ತಂಗಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಎಲ್ಲಿ ಸಿಗಬೇಕು!

ಯಜಮಾನಿ ಅತ್ತ ಹೋದದ್ದೇ ತಡ, ತಗಡು ಮೇಜಿಗೆ ಬಂತು. ಕಿಟಕಿ ಮುಚ್ಚಿದ ಕೋಣೆಯ ತುಂಬ ಎಣ್ಣೆ, ಮಸಿ, ಒದ್ದೆ ಕಾಗದದ ಮುಗ್ಗಲು ವಾಸನೆ. ಕೊರೆದ ಗೆರೆಗಳಿಗೆ ಮಸಿ ತುಂಬಿ, ಮಿಕ್ಕದ್ದನ್ನು ಬಟ್ಟೆಯಲ್ಲಿ ಒರೆಸಿದ. ಕೊನೆಯ ಒರೆತ ಅಂಗೈಯದೇ ಆಗಬೇಕು, ಇಲ್ಲದಿದ್ದರೆ ಚಿತ್ರದ ಬಿಳಿ ಜಾಗ ಬೆಳಗುವುದಿಲ್ಲ. ಕಸುಬಿನ ಹಟ ಬಿಡಲಿಲ್ಲ. ಸವರಿದ. ಬೆಂಕಿ ಕಾಣದ ತಗಡು ಜ್ವರದ ಹಣೆಯಂತೆ ಸುಡುತ್ತಿತ್ತು.

ಅಚ್ಚಿನ ಚಕ್ರ ನರಳುತ್ತ ತಿರುಗಿತು. ಕಾಗದ ಎತ್ತಿದ. ಎಡಕ್ಕೆ ಹಾಸಿಗೆ, ಬಲಕ್ಕೆ ಕುರ್ಚಿ. ಎರಡರಲ್ಲೂ ತಂಗಿಯ ಮುಖ.

ಮೇಲೆ ಕೆಮ್ಮು ಕೇಳಿಸಿತು. ಹಲಗೆ ಕಿರುಗುಟ್ಟಿತು.

"ಅಣ್ಣಾ... ಮತ್ತೆ ಚಳಿ ಆಗ್ತಿದೆ..."

ಅವನು ತಗಡಿನತ್ತ ತಿರುಗಿದ. ಮಲಗಿದವಳನ್ನು ಅಳಿಸಿಬಿಟ್ಟರೆ? ಕಾಯಿಲೆಯೇ ಅಳಿಯುತ್ತದೆ! ಹೆರೆಯುವ ಉಳಿ ಕೈಗೆ ಬಂತು. ಗಾಬರಿಯಲ್ಲಿ ಮಸಿಗೈ ತಾಗಿ ತಾಗಿ ತಗಡೆಲ್ಲ ಕಪ್ಪು. ಯಾವುದು ಹಾಸಿಗೆ, ಯಾವುದು ಕುರ್ಚಿ, ಒಂದೂ ತಿಳಿಯದು. ಎಡಕ್ಕಿತ್ತಲ್ಲ ಹಾಸಿಗೆ? ಎಡಕ್ಕೇ. ಹೆರೆದ. ಮತ್ತೆ ಹೆರೆದ. ಬೆವರು ಕಣ್ಣಿಗಿಳಿಯಿತು. ಕೆಮ್ಮು ನಿಂತಿತು.

ನಿಂತಿತು! ಅವನು ಅಳುತ್ತಲೇ ನಕ್ಕ. ನೋಡಿಬಿಡೋಣವೆಂದು, ಮಂಜಾದ ಕಣ್ಣಲ್ಲೇ ತಗಡು ಒರೆಸಿ, ಇನ್ನೊಂದು ಅಚ್ಚು ತೆಗೆದ.

ಎಡಕ್ಕೆ ಹಾಸಿಗೆ ಇದ್ದ ಹಾಗೇ ಇತ್ತು. ಅದರಲ್ಲಿ ತಂಗಿ. ಬಲಕ್ಕೆ ಬರೀ ಬಿಳಿ.

ತಗಡಿನ ಎಡ ಕಾಗದದಲ್ಲಿ ಬಲವಾಗುತ್ತದೆ. ಈ ಕಸುಬಿಗೆ ಕಾಲಿಟ್ಟ ದಿನವೇ ಕಲಿಯುವ ಪಾಠ ಅದು.

ಮೆಟ್ಟಿಲು ಹಾರಿಕೊಂಡು ಓಡಿದ. ತಂಗಿ ಹಾಸಿಗೆಯಲ್ಲಿದ್ದಳು. ತುಟಿ ಒಡೆದಿತ್ತು, ಮೈ ಕೆಂಡ. ಕಿಟಕಿಯ ಬಳಿ ಏನೂ ಇರಲಿಲ್ಲ.

"ಕುರ್ಚಿ... ಬೆಳಿಗ್ಗೆ ನೀನು ಕೂತಿದ್ದ ಕುರ್ಚಿ ಎಲ್ಲಿ ಪುಟ್ಟಿ?"

ಅವಳು ಕಷ್ಟಪಟ್ಟು ಅವನತ್ತ ಕಣ್ಣು ತಿರುಗಿಸಿದಳು.

"ಯಾವ ಕುರ್ಚಿ ಅಣ್ಣಾ? ನಾನು ಯಾವಾಗ ಎದ್ದಿದ್ದೆ?"