ಲೇಬಲ್ಲಿನ ಕೆಳಗಿನ ಕುಂಕುಮ

೨೦೨೫ರ ಜುಲೈ ೮, ಮಂಗಳವಾರ. ಬೆಳಿಗ್ಗೆ ೧೦.೨೦ಕ್ಕೆ ಮಲಪನಗುಡಿಯ ಶಿಕ್ಷಕಿ ಅಂಜಲಿ ಕೆಟ್ಟುಹೋದ ಹಾರ್ಡ್ ಡಿಸ್ಕೊಂದನ್ನು ಹಿಡಿದು ಹೊಸಪೇಟೆಯ ಠಾಣೆಗೆ ಬಂದರು. ಜೊತೆಗೆ ಮುದುಕಿ ಉಚ್ಚೆಂಗಮ್ಮ. ಅವಳು ಹಾಡುತ್ತಿದ್ದ ನಲವತ್ತು ತಾಸಿನ ಪುರಾಣದ ಪದಗಳು ಆ ಡಿಸ್ಕಿನಲ್ಲಿದ್ದವು. ಗಂಟಲಿನ ಆಪರೇಷನ್ ಆದ ಮೇಲೆ ಅವಳಿಗೆ ದನಿಯಿಲ್ಲ. ಡಿಸ್ಕಿಗೆ ಹಾಕಿದೆವಲ್ಲ ಎಂದು ಅಂಜಲಿ ಫೋನಿನಲ್ಲಿದ್ದುದನ್ನು ಅಳಿಸಿಬಿಟ್ಟಿದ್ದರು.

ಸಂಡೂರಿನ ರಿಪೇರಿಯವನು ನೋಡಿ, ಇನ್ನು ಏನೂ ಸಿಗದು ಎಂದಿದ್ದ. ಮೇಲಿನ ನೀಲಿ ಲೇಬಲ್ ಒಂದು ಕಂಪನಿಯದು, ಒಳಗಿನ ಮಾಡೆಲ್ ಇನ್ನೊಂದರದು. ಹೊಸದೆಂದು ಕೊಂಡದ್ದು, ಆಗಲೇ ಎರಡು ವರ್ಷ ಓಡಿದ ಡಿಸ್ಕಂತೆ.

"ಎರಡು ಕಡೆ ಯಾಕ ಇಡ್ಲಿಲ್ರಿ?" ಇನ್‌ಸ್ಪೆಕ್ಟರ್ ಹೇಮಾವತಿ ಕೇಳಿದರು.

"ನೀಲಿ ಲೇಬಲ್ಲಿಂದು ಕೆಡಂಗಿಲ್ಲ ಅಂದ್ರು ಲಿಂಗರಾಜ್. ಅವರ ಅಂಗಡಿಗೆ ಕಳಿಸಿದ್ದು ನಿಮ್ಮ ತಾಯಪ್ಪನವ್ರೇ."

ಹೆಡ್ ಕಾನ್‌ಸ್ಟೇಬಲ್ ತಾಯಪ್ಪ ತಲೆಯೆತ್ತದೆ ಎಫ್‌ಐಆರ್ ಬರೆದ. ಸಣ್ಣವನಿದ್ದಾಗಿನಿಂದ ಸೋಮವಾರ ತಪ್ಪದೆ ಗುಡಿಯ ಕಟ್ಟೆಯ ಮೇಲೆ ಕೂತು ಅವನು ಕೇಳಿದ್ದು ಇದೇ ಉಚ್ಚೆಂಗಮ್ಮನನ್ನು.

೧೨.೧೦ಕ್ಕೆ ಅಂಗಡಿಯಲ್ಲಿ ಪಂಚನಾಮೆ. ಯಾವ ಮಾಡೆಲ್ ಎಷ್ಟು ಮಾರಿದೆ, ಎಷ್ಟು ಕೆಟ್ಟು ಬಂತು ಎಂದು ಲಿಂಗರಾಜ್ ಹತ್ತು ವರ್ಷದಿಂದ ಬರೆದಿಟ್ಟಿದ್ದ. ಕಂಪ್ಲಿಯಿಂದಲೂ ಜನ ಬಂದು ಅವನ ಮಾತು ಕೇಳಿಯೇ ಡಿಸ್ಕ್ ಕೊಳ್ಳುತ್ತಿದ್ದರು. ಪುಸ್ತಕದಲ್ಲಿ ಹೀಗಿತ್ತು: ಹಸಿರು ಲೇಬಲ್, ಮೂವತ್ತರಲ್ಲಿ ಹದಿಮೂರು ವಾಪಸ್. ನೀಲಿ ಲೇಬಲ್, ಮೂವತ್ತರಲ್ಲಿ ಒಂದು.

"ಆ ಹದಿಮೂರು ಎಲ್ಲಿ?" ಹೇಮಾವತಿ ಕೇಳಿದರು.

"ಕಂಪನಿಗೆ ಕಳಿಸೀನ್ರಿ ಮೇಡಂ."

"ಕಳಿಸಿದ ರಸೀದಿ?"

ರಸೀದಿ ಇರಲಿಲ್ಲ. ತಾಯಪ್ಪ ಪಂಚರ ಎದುರಿಗೆ ಬ್ಲೇಡಿನಿಂದ ಅಂಜಲಿಯವರ ಡಿಸ್ಕಿನ ನೀಲಿ ಲೇಬಲ್ ಎಬ್ಬಿಸಿದ. ಕೆಳಗೆ ಹಸಿರು ಲೇಬಲ್. ಅದರ ಮೂಲೆಯಲ್ಲಿ ಒಣಗಿದ ಕುಂಕುಮದ ಬೊಟ್ಟು. ಯಾವ ಡಿಸ್ಕೇ ಆಗಲಿ, ಗಿರಾಕಿಯ ಕೈಗಿಡುವ ಮುಂಚೆ ಬೊಟ್ಟಿಡುವುದು ಲಿಂಗರಾಜನ ಪದ್ಧತಿ. ಅದನ್ನು ನೋಡಿಯೇ ತಾಯಪ್ಪ ಅವನನ್ನು ನಂಬಿದ್ದು. ನೀಲಿಯ ಮೇಲೊಂದು ಬೊಟ್ಟು, ಹಸಿರಿನ ಮೇಲೊಂದು. ಒಂದೇ ಡಿಸ್ಕ್ ಎರಡು ಸಲ ಮಾರಾಟವಾಗಿತ್ತು.

"ಹಳೇ ಲೇಬಲ್ ಕಿತ್ತಿದ್ರ ಗೊತ್ತೇ ಆಗ್ತಿರ್ಲಿಲ್ಲ. ಯಾಕ ಬಿಟ್ಟಿ?" ತಾಯಪ್ಪ ಕೇಳಿದ.

"ಕುಂಕುಮ ಒರಸಾಕ ಕೈ ಬರ್ಲಿಲ್ಲ, ತಾಯಪ್ಪಣ್ಣ."

ಸಂಜೆ ೪.೩೦ಕ್ಕೆ ಬಂಧನ. ಹೇಳಿಕೆಯನ್ನು ತಾಯಪ್ಪನೇ ಬರೆದುಕೊಂಡ. ಮೊದಲು ಹಸಿರೇ ಗಟ್ಟಿ ಎಂದು ಊರಿಗೆಲ್ಲ ಹೇಳಿದವನು ಲಿಂಗರಾಜ್. ಒಂದೊಂದಾಗಿ ಕೆಟ್ಟು ಬಂದಾಗ, ಕಂಪನಿ ಬದಲಿಸಿ ಕೊಟ್ಟಿದೆಯೆಂದು ಸುಳ್ಳು ಹೇಳಿ ತನ್ನಲ್ಲಿದ್ದ ನೀಲಿಯನ್ನೇ ಕೊಟ್ಟ. ನೀಲಿ ಮುಗಿದ ಮೇಲೆ ವಾಪಸ್ ಬಂದ ಹಸಿರು ಡಿಸ್ಕುಗಳಲ್ಲಿದ್ದುದನ್ನು ಅಳಿಸಿ, ಹೇಗೋ ಓಡುವಂತೆ ಮಾಡಿ, ಮೇಲೆ ನೀಲಿ ಲೇಬಲ್ ಅಂಟಿಸಿ ಹೊಸದೆಂದು ಮಾರಿದ.

"ನನ್ನ ಮಾತು ತಪ್ಪಾತು ಅನ್ನಾಕ ನಾಚಿಕಿ ಆತಣ್ಣ. ಖರೇ ಬರದಿದ್ದು ಆ ಪುಸ್ತಕದಾಗ ಅಷ್ಟ."

ಅವನನ್ನು ಕರೆದೊಯ್ಯುವಾಗ ಉಚ್ಚೆಂಗಮ್ಮ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ದನಿಯಿಲ್ಲದ ತುಟಿಗಳು ಆಡುತ್ತಿದ್ದವು. ಯಾವ ಪದವೆಂದು ತಾಯಪ್ಪನಿಗೆ ತಕ್ಷಣ ತಿಳಿಯಿತು. ಮುದುಕಿ ಅವನ ಮುಖ ನೋಡಿ, ಮುಂದಿನದನ್ನು ನೀನು ಹೇಳು ಎಂಬಂತೆ ಕೈ ತೋರಿದಳು.

ಮೂವತ್ತು ವರ್ಷ ಕೇಳಿದ್ದ ತಾಯಪ್ಪ. ಒಂದನ್ನೂ ಕಲಿತಿರಲಿಲ್ಲ.